ಯಾವ ರಸ್ತೆ ತೆರೆದಿದೆ? ಲೆಬನಾನ್ ರೇಡಿಯೋದ ಕಥೆ

'ಸಾಲಿಕೆ ವ ಆಮಿನೆ.' ಅರಬ್ಬಿಯ ಎರಡೇ ಮಾತು. ಸಾಲಿಕೆ ಅಂದರೆ ದಾರಿ ತೆರೆದಿದೆ, ಓಡಾಡಬಹುದು. ಆಮಿನೆ ಅಂದರೆ ಅಪಾಯ ಇಲ್ಲ. ಅಂತರ್ಯುದ್ಧ ಶುರುವಾದ 1975ರಲ್ಲಿ ಲೆಬನಾನ್ ದೇಶದ ರಾಜಧಾನಿ ಬೇರೂತ್‌ನಲ್ಲಿ ಇದ್ದವರು ಮನೆಯಿಂದ ಹೊರಗೆ ಕಾಲಿಡುವ ಮುಂಚೆ ರೇಡಿಯೋ ಹಾಕಿ ಈ ಎರಡು ಮಾತಿಗೆ ಕಾಯುತ್ತಿದ್ದರು. ಕೆಲಸಕ್ಕೆ ಹೋಗುವವರು, ರೊಟ್ಟಿ ತರಬೇಕಾದವರು, ಮಕ್ಕಳನ್ನು ಶಾಲೆಯಿಂದ ಕರೆತರಬೇಕಾದವರು, ಎಲ್ಲರೂ.

ಆ ಮಾತು ಹೇಳುತ್ತಿದ್ದವರು ಶರೀಫ್ ಅಲ್ ಅಖವಿ. ಸರ್ಕಾರಿ ರೇಡಿಯೋದ ಉದ್ಘೋಷಕ. ಊರಿನ ಬೇರೆ ಬೇರೆ ಮೂಲೆಯಿಂದ ಜನ ಅವರಿಗೆ ಫೋನ್ ಮಾಡುತ್ತಿದ್ದರು. ಇಂಥ ಬೀದಿಯಲ್ಲಿ ಗುಂಡು ಹಾರುತ್ತಿದೆ, ಇಂಥ ಸೇತುವೆ ಹತ್ತಿರ ಗಾಡಿ ನಿಲ್ಲಿಸಿ ಗುರುತಿನ ಚೀಟಿ ಕೇಳುತ್ತಿದ್ದಾರೆ, ಇಂಥ ಕಟ್ಟಡದ ಮೇಲೆ ಯಾರೋ ಬಂದೂಕು ಹಿಡಿದು ಕೂತಿದ್ದಾರೆ. ಅದನ್ನೆಲ್ಲ ಸೇರಿಸಿಕೊಂಡು ಅವರು ಯಾವ ರಸ್ತೆಯಲ್ಲಿ ಹೋಗಬಹುದು, ಯಾವುದರಲ್ಲಿ ಬೇಡ ಅಂತ ಹೇಳುತ್ತಿದ್ದರು.

ಇಲ್ಲಿ ಎರಡು ಪದ ಯಾಕೆ ಬೇಕಾಯಿತು ಅನ್ನುವುದನ್ನು ಸ್ವಲ್ಪ ಯೋಚಿಸಿ. ಮಾಮೂಲಿ ದಿನಗಳಲ್ಲಿ ರಸ್ತೆ ತೆರೆದಿದೆ ಅಂದರೆ ಸಾಕು, ಅಲ್ವಾ? ಯುದ್ಧದಲ್ಲಿ ಸಾಕಾಗಲ್ಲ. ರಸ್ತೆ ಪೂರ್ತಿ ಖಾಲಿ ಇರಬಹುದು, ಅಡ್ಡ ಒಂದು ಕಲ್ಲೂ ಇಲ್ಲದೆ ಇರಬಹುದು, ಆದರೆ ಅದು ಖಾಲಿ ಇರುವುದೇ ಮೇಲಿನ ಮಹಡಿಯಲ್ಲಿ ಕೂತ ಬಂದೂಕುಗಾರನಿಗೆ ಹೆದರಿ. ಹಾಗಾಗಿ ದಾರಿ ಇದೆಯಾ ಅನ್ನುವುದು ಒಂದು ಪ್ರಶ್ನೆ, ಆ ದಾರಿಯಲ್ಲಿ ಜೀವ ಉಳಿಯುತ್ತದಾ ಅನ್ನುವುದು ಇನ್ನೊಂದು ಪ್ರಶ್ನೆ. ಎರಡಕ್ಕೂ ಬೇರೆ ಬೇರೆ ಉತ್ತರ ಬೇಕಿತ್ತು.

ಒಂದು ದೇಶದ ರೇಡಿಯೋ ಈ ಕೆಲಸಕ್ಕೆ ಬಂದು ನಿಂತದ್ದು ಹೇಗೆ? ಅದೇ ದೇಶದಲ್ಲಿ ಮುಂದೆ ಹದಿನೈದು ವರ್ಷದೊಳಗೆ ನೂರಕ್ಕೂ ಹೆಚ್ಚು ರೇಡಿಯೋ ಕೇಂದ್ರಗಳು ಹುಟ್ಟಿದ್ದು ಹೇಗೆ? ಇದು ಅರ್ಥವಾಗಬೇಕಾದರೆ ನೆಲದಿಂದಲೇ ಶುರು ಮಾಡಬೇಕು.

ಲೆಬನಾನ್ ಬಹಳ ಚಿಕ್ಕ ದೇಶ. ವಿಸ್ತೀರ್ಣ 10,452 ಚದರ ಕಿಲೋಮೀಟರ್. ಹೆಚ್ಚುಕಡಿಮೆ ನಮ್ಮ ಉತ್ತರ ಕನ್ನಡ ಜಿಲ್ಲೆಯಷ್ಟು. ನೆಲದ ಸ್ವಭಾವವೂ ಒಂದು ಮಟ್ಟಿಗೆ ಹಾಗೇ ಇದೆ. ಪಶ್ಚಿಮಕ್ಕೆ ಸಮುದ್ರ, ಅದರ ಪಕ್ಕದಲ್ಲಿ ಕಿರಿದಾದ ಕರಾವಳಿ, ಅಲ್ಲಿಂದ ಕೂಡಲೇ ಏರು. ಕುಮಟಾ ಬಿಟ್ಟು ದೇವಿಮನೆ ಘಾಟ್ ಹತ್ತಿದ ಹಾಗೆ. ಆದರೆ ಅಲ್ಲಿನ ಬೆಟ್ಟಗಳು ನಮ್ಮ ಘಟ್ಟಕ್ಕಿಂತ ತುಂಬಾ ಎತ್ತರ, ತುತ್ತತುದಿ 3,088 ಮೀಟರ್. ಚಳಿಗಾಲದಲ್ಲಿ ಹಿಮ ಬೀಳುತ್ತದೆ. ಬೆಟ್ಟ ದಾಟಿದರೆ ಬೆಕಾ ಅನ್ನುವ ಉದ್ದನೆಯ ಬಯಲು, ಅದರಾಚೆ ಮತ್ತೊಂದು ಬೆಟ್ಟದ ಸಾಲು, ಆಮೇಲೆ ಸಿರಿಯಾ.

ಈ ಬೆಟ್ಟ ಕಣಿವೆಗಳಲ್ಲಿ ನೂರಾರು ವರ್ಷಗಳಿಂದ ಬೇರೆ ಬೇರೆ ಪಂಗಡದ ಜನ ನೆಲೆ ನಿಂತಿದ್ದಾರೆ. ಮಾರೊನೈಟ್ ಕ್ರೈಸ್ತರು, ಸುನ್ನಿಗಳು, ಶಿಯಾಗಳು, ದ್ರೂಜ್ ಜನ, ಗ್ರೀಕ್ ಆರ್ಥೊಡಾಕ್ಸ್ ಕ್ರೈಸ್ತರು, ಅರ್ಮೇನಿಯನ್ನರು. ಸರ್ಕಾರ ಲೆಕ್ಕಕ್ಕೆ ತೆಗೆದುಕೊಂಡಿರುವ ಪಂಗಡಗಳೇ 18. ಈ ಸಂಖ್ಯೆಯನ್ನೂ ಆ ಬೆಟ್ಟಗಳನ್ನೂ ನೆನಪಿನಲ್ಲಿ ಇಟ್ಟುಕೊಳ್ಳಿ. ರೇಡಿಯೋದ ಕಥೆಗೆ ಎರಡೂ ಬೇಕು.

ಮೊದಲ ಮಹಾಯುದ್ಧ ಮುಗಿದ ಮೇಲೆ ಲೆಬನಾನ್ ಫ್ರೆಂಚರ ಕೈಗೆ ಬಂತು. 1930ರ ದಶಕದಲ್ಲಿ ಅರಬ್ ಜಗತ್ತಿನ ಆಕಾಶಕ್ಕಾಗಿ ಯುರೋಪಿನ ದೇಶಗಳ ನಡುವೆ ಪೈಪೋಟಿ ಶುರುವಾಯಿತು. ಮುಸೊಲಿನಿಯ ಇಟಲಿ 1934ರಲ್ಲಿ ತನ್ನ ಬಾರಿ ಪಟ್ಟಣದ ಕೇಂದ್ರದಿಂದ ಅರಬ್ಬಿಯಲ್ಲಿ ಪ್ರಸಾರ ಶುರು ಮಾಡಿತು. ಒಳ್ಳೆಯ ಸಂಗೀತ, ನಡುನಡುವೆ ಬ್ರಿಟಿಷರನ್ನೂ ಫ್ರೆಂಚರನ್ನೂ ಬೈಯುವ ಸುದ್ದಿ. ಆಗ ಮನೆಮನೆಯಲ್ಲಿ ರೇಡಿಯೋ ಇರಲಿಲ್ಲ, ಕಾಫಿ ಅಂಗಡಿಯಲ್ಲಿ ಇರುತ್ತಿತ್ತು. ಒಂದು ಪೆಟ್ಟಿಗೆಯ ಸುತ್ತ ಹತ್ತಾರು ಜನ ಕೂತು ಕೇಳುತ್ತಿದ್ದರು. ಹೀಗಾಗಿ ಒಂದು ರೇಡಿಯೋ ಅಂದರೆ ಒಬ್ಬ ಕೇಳುಗ ಅಂತ ಲೆಕ್ಕ ಹಾಕುವ ಹಾಗಿರಲಿಲ್ಲ, ಒಂದು ಬೀದಿ ಅಂತಲೇ ಲೆಕ್ಕ ಹಾಕಬೇಕಿತ್ತು. ಬ್ರಿಟಿಷರಿಗೆ ಇದರ ಬಿಸಿ ತಟ್ಟಿತು. 1938ರ ಜನವರಿಯಲ್ಲಿ ಬಿಬಿಸಿ ಅರಬ್ಬಿ ಪ್ರಸಾರ ಶುರು ಮಾಡಿತು, ಇಂಗ್ಲಿಷ್ ಬಿಟ್ಟು ಬೇರೆ ಭಾಷೆಯಲ್ಲಿ ಬಿಬಿಸಿಯ ಮೊದಲ ವಿದೇಶಿ ಸೇವೆ ಅದು. ಅದೇ ವರ್ಷ ಫ್ರೆಂಚರು ಬೇರೂತ್‌ನಲ್ಲಿ ರೇಡಿಯೋ ಕೇಂದ್ರ ತೆರೆದರು. ಲೆಬನಾನ್ ರೇಡಿಯೋದ ಹುಟ್ಟು ಅದು. ಅಂದರೆ ಇದು ಲೆಬನಾನ್ ಜನ ತಮಗೆ ಬೇಕು ಅಂತ ಕಟ್ಟಿಕೊಂಡದ್ದಲ್ಲ. ಬೇರೆಯವರ ಜಗಳದಲ್ಲಿ ಬೇರೆಯವರು ತಂದಿಟ್ಟದ್ದು.

1941ರಲ್ಲಿ, ಜರ್ಮನಿಗೆ ಶರಣಾಗಿದ್ದ ಫ್ರಾನ್ಸಿನ ವಿಶಿ ಸರ್ಕಾರದ ಸೈನ್ಯವನ್ನು ಸೋಲಿಸಿ ಬ್ರಿಟಿಷರೂ ಸ್ವತಂತ್ರ ಫ್ರೆಂಚರೂ ಬೇರೂತ್‌ಗೆ ಬಂದಾಗ ರೇಡಿಯೋ ಕೂಡ ಕೈ ಬದಲಾಯಿತು. 1943ರ ನವೆಂಬರ್ 22ಕ್ಕೆ ದೇಶ ಸ್ವತಂತ್ರವಾಯಿತು. ಆದರೂ ರೇಡಿಯೋ ಕೇಂದ್ರ ಲೆಬನಾನ್ ಸರ್ಕಾರದ ಕೈಗೆ ಬಂದದ್ದು 1946ರಲ್ಲಿ, ಫ್ರೆಂಚ್ ಸೈನ್ಯ ಹೊರಟ ವರ್ಷ. ದೇಶ ಮೊದಲು ಸಿಕ್ಕಿತು, ದನಿ ಮೂರು ವರ್ಷ ತಡವಾಗಿ ಸಿಕ್ಕಿತು.

ಸ್ವಾತಂತ್ರ್ಯದ ಹೊತ್ತಿಗೆ ನಾಯಕರ ನಡುವೆ ಒಂದು ಬಾಯಿಮಾತಿನ ಒಪ್ಪಂದ ಆಗಿತ್ತು. ಅಧ್ಯಕ್ಷ ಮಾರೊನೈಟ್ ಕ್ರೈಸ್ತ ಆಗಿರಬೇಕು, ಪ್ರಧಾನಿ ಸುನ್ನಿ, ಸಂಸತ್ತಿನ ಸಭಾಪತಿ ಶಿಯಾ. ಸರ್ಕಾರಿ ಕೆಲಸಗಳೂ ಇದೇ ಲೆಕ್ಕದಲ್ಲಿ ಹಂಚಿಕೆ. ಈ ತಕ್ಕಡಿ ಅಲುಗಾಡಬಾರದು ಅನ್ನುವುದೇ ಸರ್ಕಾರದ ದೊಡ್ಡ ಚಿಂತೆ ಆಯಿತು. ಇಂಥ ಸರ್ಕಾರದ ರೇಡಿಯೋ ಹೇಗಿರುತ್ತದೆ ಹೇಳಿ? ಯಾರಿಗೂ ನೋವಾಗಬಾರದು. ರಾಜಕೀಯದ ಬಗ್ಗೆ ಗಟ್ಟಿಯಾಗಿ ಮಾತಾಡುವ ಹಾಗಿಲ್ಲ. ಒಬ್ಬರ ಪರ ಒಂದು ಮಾತು ಜಾಸ್ತಿ ಆದರೂ ಇನ್ನೊಬ್ಬರು ಯಾಕೆ ಅಂತ ಕೇಳುತ್ತಾರೆ. ಹಾಗಾಗಿ ಬಿಸಿಬಿಸಿ ಸುದ್ದಿ ಬೇಕಾದವರು ಬೇರೆ ಕಡೆ ಮುಳ್ಳು ತಿರುಗಿಸಿದರು. ಕೆಲವರು ಬಿಬಿಸಿಗೆ, ತುಂಬಾ ಜನ ಕೈರೋಗೆ. 1953ರಲ್ಲಿ ಕೈರೋದಿಂದ 'ಅರಬ್ಬರ ದನಿ' ಅನ್ನುವ ಪ್ರಸಾರ ಶುರುವಾಗಿತ್ತು. ಈಜಿಪ್ಟಿನ ನಾಯಕ ನಾಸೆರ್ ಅವರ ಮಾತು, ಅಹ್ಮದ್ ಸಈದ್ ಅನ್ನುವ ಉದ್ಘೋಷಕರ ಗುಡುಗು. ಅದನ್ನು ಕೇಳಿ ಬೇರೂತ್‌ನ ಒಂದು ಬೀದಿ ಕುಣಿಯುತ್ತಿತ್ತು, ಪಕ್ಕದ ಬೀದಿ ಹೆದರುತ್ತಿತ್ತು.

ರಾಜಕೀಯಕ್ಕೆ ಜಾಗ ಇಲ್ಲದ್ದರಿಂದಲೋ ಏನೋ, ಬೇರೂತ್ ರೇಡಿಯೋ ತನ್ನ ಶಕ್ತಿಯನ್ನೆಲ್ಲ ಹಾಡಿಗೆ ಹಾಕಿತು. ಈ ಕಥೆಯಲ್ಲಿ ನನಗೆ ತುಂಬಾ ಇಷ್ಟವಾದ ಭಾಗ ಇದು, ಸ್ವಲ್ಪ ನಿಧಾನವಾಗಿಯೇ ಹೇಳುತ್ತೇನೆ.

ಬೇರೂತ್‌ನ ಝುಕಾಕ್ ಅಲ್ ಬ್ಲಾತ್ ಅನ್ನುವ ಹಳೇ ಬಡಾವಣೆ. ಅಲ್ಲಿ ಮುದ್ರಣಾಲಯದಲ್ಲಿ ಕೆಲಸ ಮಾಡುವ ಒಬ್ಬರ ಮಗಳು ನುಹಾದ್ ಹದ್ದಾದ್. ಮನೆಯಲ್ಲಿ ರೇಡಿಯೋ ಕೊಳ್ಳುವಷ್ಟು ದುಡ್ಡಿಲ್ಲ. ಪಕ್ಕದ ಮನೆಯ ರೇಡಿಯೋದಿಂದ ಬರುವ ಹಾಡುಗಳನ್ನೇ ಕೇಳಿ ಕಲಿತಳು ಅಂತ ಅವರ ಬಾಲ್ಯದ ಬಗ್ಗೆ ಹೇಳುತ್ತಾರೆ. ಶಾಲೆಯಲ್ಲಿ ಅವಳು ಹಾಡಿದ್ದನ್ನು ಸಂಗೀತ ಮೇಷ್ಟ್ರು ಮುಹಮ್ಮದ್ ಫ್ಲೈಫೆಲ್ ಕೇಳಿದರು. ಸಂಗೀತ ಶಾಲೆಗೆ ಸೇರಿಸಿದರು, ಆಮೇಲೆ ರೇಡಿಯೋಗೆ ಕರೆದುಕೊಂಡು ಹೋದರು. ಅಲ್ಲಿ ಸಂಗೀತ ವಿಭಾಗದ ಮುಖ್ಯಸ್ಥರು ಹಲೀಮ್ ಅಲ್ ರೂಮಿ. ಹುಡುಗಿಯನ್ನು ಮೇಳದ ಹಾಡುಗಾರ್ತಿಯಾಗಿ ತೆಗೆದುಕೊಂಡರು. ಹೊಸ ಹೆಸರನ್ನೂ ಇಟ್ಟರು, ಫೈರೂಜ್. ತಿಳಿನೀಲಿ ಹರಳಿಗೆ ನಾವು ಫಿರೋಜಾ ಅನ್ನುತ್ತೇವಲ್ಲ, ಅದೇ ಪದ.

ಅದೇ ರೇಡಿಯೋದ ವಾದ್ಯವೃಂದದಲ್ಲಿ ಪಿಟೀಲು ನುಡಿಸುತ್ತಿದ್ದ ಒಬ್ಬ ಯುವಕ ಇದ್ದ. ಮೊದಲು ಪೊಲೀಸ್ ಕೆಲಸದಲ್ಲಿದ್ದ ಅಸ್ಸಿ ರಹ್ಬಾನಿ. ಅವನ ತಮ್ಮ ಮನ್ಸೂರ್ ಕೂಡ ಹಾಡು ಬರೆಯುತ್ತಿದ್ದ. ಅಸ್ಸಿ, ಮನ್ಸೂರ್, ಫೈರೂಜ್ ಮೂವರೂ ಸೇರಿದರು. ಮುಂದೆ ಅಸ್ಸಿ ಮತ್ತು ಫೈರೂಜ್ ಮದುವೆಯೂ ಆದರು. ಆಗ ಅರಬ್ಬಿ ಹಾಡು ಅಂದರೆ ಕೈರೋ, ಕೈರೋ ಅಂದರೆ ಉಮ್ ಕುಲ್ಸೂಮ್. ತಿಂಗಳ ಮೊದಲ ಗುರುವಾರ ರಾತ್ರಿ ಅವರ ಕಛೇರಿ ರೇಡಿಯೋದಲ್ಲಿ ನೇರವಾಗಿ ಬರುತ್ತಿತ್ತು, ಒಂದೊಂದು ಹಾಡು ಗಂಟೆಗಟ್ಟಲೆ. ರಹ್ಬಾನಿ ಅಣ್ಣತಮ್ಮ ಇದಕ್ಕೆ ಪೂರ್ತಿ ಬೇರೆಯದೇ ದಾರಿ ಹಿಡಿದರು. ಮೂರು ನಾಲ್ಕು ನಿಮಿಷದ ಚಿಕ್ಕ ಹಾಡು, ಬೆಟ್ಟದ ಊರಿನ ಆಡುಮಾತು, ಹಳ್ಳಿಯ ಕುಣಿತದ ತಾಳ, ಜೊತೆಗೆ ಪಿಯಾನೋ, ಪಿಟೀಲು. ರೇಡಿಯೋದ ಸಮಯಕ್ಕೆ ಅಳತೆ ಮಾಡಿ ಹೊಲಿದ ಬಟ್ಟೆಯ ಹಾಗಿದ್ದವು ಅವು. ಸುದ್ದಿ ಮುಗಿದು ಇನ್ನೊಂದು ಕಾರ್ಯಕ್ರಮ ಶುರುವಾಗುವ ನಡುವೆ ಒಂದು ಹಾಡು ಕೂರುತ್ತಿತ್ತು.

ಈ ಹಾಡುಗಳಿಗೆ ದುಡ್ಡು ಹಾಕಿದ್ದು ಬೇರೂತ್ ರೇಡಿಯೋ ಒಂದೇ ಅಲ್ಲ. ಬ್ರಿಟಿಷರು ಎರಡನೇ ಮಹಾಯುದ್ಧದ ಕಾಲದಲ್ಲಿ ಪ್ಯಾಲೆಸ್ಟೈನ್‌ನಲ್ಲಿ ಶುರು ಮಾಡಿ 1948ರಲ್ಲಿ ಸೈಪ್ರಸ್‌ಗೆ ಸಾಗಿಸಿದ ಇನ್ನೊಂದು ಅರಬ್ಬಿ ಕೇಂದ್ರ ಇತ್ತು, 'ಅಶ್ಶರ್ಕ್ ಅಲ್ ಅದ್ನಾ' ಅಂತ, ಅಂದರೆ ಸಮೀಪದ ಪೂರ್ವ. ಅದರ ಸಂಗೀತದ ಜವಾಬ್ದಾರಿ ಸಬ್ರಿ ಅಲ್ ಶರೀಫ್ ಅವರದ್ದು. ಆ ಕೇಂದ್ರಕ್ಕೂ ರಹ್ಬಾನಿಗಳು ಹಾಡು ಮಾಡಿಕೊಟ್ಟರು. 1956ರಲ್ಲಿ ಬ್ರಿಟನ್ ಸೂಯೆಜ್ ಕಾಲುವೆಗಾಗಿ ಈಜಿಪ್ಟ್ ಮೇಲೆ ದಾಳಿ ಮಾಡಿ ಆ ಕೇಂದ್ರವನ್ನು ತನ್ನ ಪ್ರಚಾರಕ್ಕೆ ಬಳಸಲು ಹೊರಟಾಗ ಅಲ್ಲಿನ ಅರಬ್ ಸಿಬ್ಬಂದಿ ಕೆಲಸ ಬಿಟ್ಟು ಹೊರನಡೆದರು. ಸಬ್ರಿ ಮುಂದೆ ರಹ್ಬಾನಿಗಳ ಜೊತೆಯಲ್ಲೇ ಕೆಲಸ ಮಾಡಿದರು. ವಸಾಹತಿನವರು ತಮ್ಮ ಕೆಲಸಕ್ಕೆ ಕಟ್ಟಿದ ರೇಡಿಯೋದಲ್ಲಿ ಪಳಗಿದ ಕೈಗಳು ಹೀಗೆ ಬೇರೂತ್‌ನ ಹಾಡಿಗೆ ಒದಗಿದವು. ಆ ಇಪ್ಪತ್ತು ವರ್ಷ ಬೇರೂತ್ ರೇಡಿಯೋಗೆ ಹಬ್ಬ.

ಆದರೆ ಒಳಗೆ ಬಿರುಕು ಇದ್ದೇ ಇತ್ತು. 1958ರಲ್ಲಿ ಅಧ್ಯಕ್ಷ ಕಾಮಿಲ್ ಶಮೂನ್ ಅವರ ವಿರುದ್ಧ ದಂಗೆ ಎದ್ದಿತು. ನಾಸೆರ್ ಕಡೆಗೆ ವಾಲಿದವರು ಒಂದು ಕಡೆ, ಪಶ್ಚಿಮದ ದೇಶಗಳ ಕಡೆಗೆ ವಾಲಿದವರು ಇನ್ನೊಂದು ಕಡೆ. ಜುಲೈ 15ಕ್ಕೆ ಅಮೆರಿಕದ ಸೈನಿಕರು ಬೇರೂತ್ ಕಡಲತೀರದಲ್ಲಿ ಬಂದಿಳಿದರು. ಈ ಗಲಾಟೆಯಲ್ಲಿ ಮೊದಲ ಸಲ ಕದ್ದು ನಡೆಸುವ ರೇಡಿಯೋಗಳು ಹುಟ್ಟಿದವು. ಕತಾಇಬ್ ಅನ್ನುವ ಕ್ರೈಸ್ತ ಪಕ್ಷ 'ಸವ್ತ್ ಲುಬ್ನಾನ್' ಅಂತ ಒಂದನ್ನು ಶುರು ಮಾಡಿತು, 'ಲೆಬನಾನ್ ದನಿ' ಅಂತ ಅರ್ಥ. ಗಲಾಟೆ ಕೆಲವೇ ತಿಂಗಳಲ್ಲಿ ತಣ್ಣಗಾಯಿತು, ಆ ದನಿಯೂ ನಿಂತಿತು. ಕಾನೂನಿನ ಪ್ರಕಾರ ದೇಶದಲ್ಲಿ ಪ್ರಸಾರ ಮಾಡುವ ಹಕ್ಕು ಸರ್ಕಾರಕ್ಕೆ ಮಾತ್ರ. ಆದರೆ ಒಂದು ಪಕ್ಷ ಸ್ವಂತ ರೇಡಿಯೋ ನಡೆಸಬಹುದು ಅನ್ನುವುದು ಎಲ್ಲರಿಗೂ ಗೊತ್ತಾಗಿ ಹೋಯಿತು. ಬೀಜ ನೆಲದಲ್ಲೇ ಉಳಿಯಿತು.

1975ರ ಏಪ್ರಿಲ್ 13ಕ್ಕೆ ಬೇರೂತ್‌ನ ಐನ್ ಅಲ್ ರುಮ್ಮಾನೆ ಬಡಾವಣೆಯಲ್ಲಿ ಪ್ಯಾಲೆಸ್ಟೈನ್ ಜನ ಹೋಗುತ್ತಿದ್ದ ಬಸ್ಸಿನ ಮೇಲೆ ಗುಂಡಿನ ದಾಳಿ ಆಯಿತು. ಅಂತರ್ಯುದ್ಧ ಅಂತ ಎಲ್ಲರೂ ಎಣಿಸುವುದು ಆ ದಿನದಿಂದ. ಊರು ಎರಡಾಯಿತು. ಪೂರ್ವ ಬೇರೂತ್‌ನಲ್ಲಿ ಹೆಚ್ಚಾಗಿ ಕ್ರೈಸ್ತರು, ಪಶ್ಚಿಮ ಬೇರೂತ್‌ನಲ್ಲಿ ಹೆಚ್ಚಾಗಿ ಮುಸ್ಲಿಮರು, ನಡುವೆ ಗಿಡಗಂಟಿ ಬೆಳೆದು ನಿಂತ ಗಡಿ. ಅದಕ್ಕೆ ಹಸಿರು ಗೆರೆ ಅನ್ನುವ ಹೆಸರೇ ಬಿತ್ತು.

ಶರೀಫ್ ಅಲ್ ಅಖವಿ ಅವರ ಕಾಲ ಇದು. ಅವರು ಕೂತಿದ್ದ ಸರ್ಕಾರಿ ರೇಡಿಯೋಗೆ ಆಗ ಸರ್ಕಾರದ ಬೆನ್ನು ಹೆಚ್ಚೇನೂ ಉಳಿದಿರಲಿಲ್ಲ. ಪೊಲೀಸರು ರಸ್ತೆ ಕಾಯುವ ಸ್ಥಿತಿಯಲ್ಲಿ ಇಲ್ಲ. ಸೈನ್ಯ ಒಡೆಯುತ್ತಿದೆ. ಸರ್ಕಾರ ತನ್ನ ಜನರಿಗೆ ಕೊಡಬಹುದಾದದ್ದು ಕೊನೆಗೆ ಏನು ಉಳಿಯಿತು ಅಂದರೆ ಒಂದು ಮೈಕು, ಒಂದು ಫೋನು, ಮತ್ತು ಯಾರ ಪರವೂ ಅಲ್ಲದೆ ಎಲ್ಲರಿಗೂ ದಾರಿ ಹೇಳುವ ಒಬ್ಬ ಮನುಷ್ಯ. ಎಷ್ಟೋ ವರ್ಷ ಯಾರಿಗೂ ನೋವಾಗಬಾರದು ಅಂತ ಸಪ್ಪೆಯಾಗಿ ನಡೆದಿದ್ದ ಆ ರೇಡಿಯೋದ ನಿಷ್ಪಕ್ಷ ಸ್ವಭಾವವೇ ಈಗ ಜೀವ ಉಳಿಸುವ ಗುಣ ಆಯಿತು. ಪೂರ್ವದವನೂ ಅವರ ಮಾತು ನಂಬಿದ, ಪಶ್ಚಿಮದವನೂ ನಂಬಿದ. ನಂಬಿದ್ದಕ್ಕೇ ಫೋನ್ ಮಾಡಿದರು, ಫೋನ್ ಮಾಡಿದ್ದಕ್ಕೇ ಅವರ ಬಳಿ ಸರಿಯಾದ ಸುದ್ದಿ ಇತ್ತು. ಸುದ್ದಿ ಕೊಟ್ಟವರೂ ಜನರೇ, ಕೇಳಿದವರೂ ಜನರೇ.

ಇದು ಹೆಚ್ಚು ಕಾಲ ನಡೆಯಲಿಲ್ಲ. 1976ರ ಮಾರ್ಚ್ 11ರ ಸಂಜೆ ಅಝೀಜ್ ಅಲ್ ಅಹ್ದಬ್ ಅನ್ನುವ ಸೇನಾಧಿಕಾರಿ ಶಸ್ತ್ರ ಹಿಡಿದವರ ಜೊತೆ ಟಿವಿ ಕೇಂದ್ರಕ್ಕೆ ಹೋಗಿ 'ಪ್ರಕಟಣೆ ಸಂಖ್ಯೆ ಒಂದು' ಅಂತ ಓದಿದರು. ಅಧ್ಯಕ್ಷರು ರಾಜೀನಾಮೆ ಕೊಡಬೇಕು ಅಂದರು. ಅಧ್ಯಕ್ಷರು ಕೊಡಲಿಲ್ಲ. ಸೈನ್ಯವೂ ಒಗ್ಗೂಡಲಿಲ್ಲ. ಜನ ಇದಕ್ಕೆ ಟೆಲಿವಿಷನ್ ಕ್ರಾಂತಿ ಅಂತ ಹೆಸರಿಟ್ಟರು. ಇದರಿಂದ ಎಲ್ಲ ಗುಂಪುಗಳಿಗೂ ಒಂದು ವಿಷಯ ಖಚಿತವಾಯಿತು. ಪ್ರಸಾರ ಕೇಂದ್ರ ಯಾರ ಕೈಯಲ್ಲಿದೆ ಅನ್ನುವುದು ಮುಖ್ಯ, ಅದನ್ನು ಬೇರೆಯವರಿಗೆ ಬಿಡುವ ಹಾಗಿಲ್ಲ.

ಹೀಗೆ ಎಲ್ಲ ಕುಸಿಯುತ್ತಿದ್ದ ಹೊತ್ತಿನಲ್ಲೇ ಅದೇ ಸರ್ಕಾರಿ ರೇಡಿಯೋದಲ್ಲಿ ಫೈರೂಜ್ ಮಗ, ಇಪ್ಪತ್ತು ವರ್ಷದ ಝಿಯಾದ್ ರಹ್ಬಾನಿ, ಗೆಳೆಯ ಜಾನ್ ಶಮೂನ್ ಜೊತೆ ಒಂದು ಚಿಕ್ಕ ಕಾರ್ಯಕ್ರಮ ನಡೆಸಿದ. 'ಬಅದ್ನಾ ತಯ್ಬೀನ್, ಕೂಲ್ ಅಲ್ಲಾಹ್' ಅಂತ ಅದರ ಹೆಸರು. ನಾವಿನ್ನೂ ಬದುಕಿದ್ದೀವಿ, ದೇವರ ದಯೆ ಅನ್ನು, ಅಂತ ಭಾವ. ನಾಯಕರನ್ನೂ ಬಂದೂಕು ಹಿಡಿದವರನ್ನೂ ಆಡುಮಾತಿನಲ್ಲಿ ತರಾಟೆಗೆ ತೆಗೆದುಕೊಳ್ಳುವ ಹರಟೆ. ಯುದ್ಧದ ನಡುವೆ ಜನ ಇದನ್ನು ಕ್ಯಾಸೆಟ್‌ಗೆ ಹಿಡಿದಿಟ್ಟುಕೊಂಡು ಮತ್ತೆ ಮತ್ತೆ ಕೇಳಿದರು.

ಈಗ ಆ ನೂರಕ್ಕೂ ಹೆಚ್ಚು ಕೇಂದ್ರಗಳ ವಿಷಯಕ್ಕೆ ಬರೋಣ. ಇದಕ್ಕೆ ರಾಜಕೀಯ ಒಂದೇ ಕಾರಣ ಅಲ್ಲ, ತರಂಗದ ಉದ್ದವೂ ಕಾರಣ.

ಹಳೆಯ ರೇಡಿಯೋ ಅಂದರೆ ಮಧ್ಯಮ ತರಂಗ, ನಮ್ಮ ಮನೆಗಳಲ್ಲಿ ಎಂಡಬ್ಲ್ಯೂ ಅನ್ನುತ್ತಿದ್ದದ್ದು. ಸಾವಿರ ಕಿಲೋಹರ್ಟ್ಸ್‌ನಲ್ಲಿ ಪ್ರಸಾರ ಮಾಡಿದರೆ ಒಂದು ತರಂಗದ ಉದ್ದ 300 ಮೀಟರ್. ಅದನ್ನು ಚೆನ್ನಾಗಿ ಕಳಿಸಬೇಕಾದರೆ ಕಂಬ ಕನಿಷ್ಠ ಅದರ ಕಾಲು ಭಾಗ ಇರಬೇಕು ಅನ್ನುವುದು ರೂಢಿಯ ಲೆಕ್ಕ. ಅಂದರೆ 75 ಮೀಟರ್, ಇಪ್ಪತ್ತು ಮಹಡಿಗಿಂತ ಎತ್ತರ. ಅದಕ್ಕೆ ದೊಡ್ಡ ಜಾಗ ಬೇಕು, ನೆಲದಲ್ಲಿ ಹೂತ ತಂತಿಗಳ ಜಾಲ ಬೇಕು, ವಿಪರೀತ ಕರೆಂಟ್ ಬೇಕು. ಇದು ಸರ್ಕಾರಗಳು ಮಾಡುವ ಕೆಲಸ. ಎಫ್‌ಎಂ ಹಾಗಲ್ಲ. ನೂರು ಮೆಗಾಹರ್ಟ್ಸ್‌ನಲ್ಲಿ ತರಂಗದ ಉದ್ದ ಮೂರೇ ಮೀಟರ್. ಕಾಲು ಭಾಗ ಅಂದರೆ 75 ಸೆಂಟಿಮೀಟರ್, ನಿಮ್ಮ ತೋಳಿನ ಉದ್ದ. ಒಂದು ಕೋಣೆಯಲ್ಲಿ ಸ್ಟುಡಿಯೋ, ಮಹಡಿ ಮೇಲೆ ಒಂದು ಆಂಟೆನಾ, ಒಂದು ಜನರೇಟರ್, ರೇಡಿಯೋ ಕೇಂದ್ರ ತಯಾರು.

ಆದರೆ ಎಫ್‌ಎಂಗೆ ಒಂದು ಮಿತಿ ಇದೆ. ಅದು ಹೆಚ್ಚುಕಡಿಮೆ ಕಣ್ಣಿನ ನೋಟದ ಹಾಗೆ ನೇರ ಹೋಗುತ್ತದೆ. ನಡುವೆ ಬೆಟ್ಟ ಅಡ್ಡ ಬಂದರೆ ಮುಗಿಯಿತು. ಹೇಳಿದೆನಲ್ಲ, ಬೆಟ್ಟಗಳನ್ನು ನೆನಪಿಟ್ಟುಕೊಳ್ಳಿ ಅಂತ. ಬೇರೂತ್ ಮೇಲಿನ ಒಂದು ಬೆಟ್ಟದ ತುದಿಯಲ್ಲಿ ಆಂಟೆನಾ ನಿಲ್ಲಿಸಿದರೆ ಕೆಳಗಿನ ಕರಾವಳಿ ಅಂಗೈಯಲ್ಲಿ ಇಟ್ಟ ಹಾಗೆ ಸಿಗುತ್ತದೆ. ಆದರೆ ಅದೇ ಬೆಟ್ಟದ ಹಿಂದಿನ ಬೆಕಾ ಬಯಲಿಗೆ ಆ ದನಿ ತಲುಪುವುದೇ ಕಷ್ಟ. ಹಾಗಾಗಿ ಎತ್ತರದ ಜಾಗ ಕೈಯಲ್ಲಿದ್ದವನಿಗೆ ಫಿರಂಗಿ ಇಡಲೂ ಅನುಕೂಲ, ಆಂಟೆನಾ ಇಡಲೂ ಅನುಕೂಲ. ಕಣಿವೆಗೊಂದು ಪಂಗಡ, ಪಂಗಡಕ್ಕೊಂದು ಪಕ್ಷ, ಪಕ್ಷಕ್ಕೊಂದು ರೇಡಿಯೋ. ನೆಲ ಹೇಗೆ ಹಂಚಿಹೋಗಿತ್ತೋ ಗಾಳಿಯೂ ಹಾಗೇ ಹಂಚಿಹೋಯಿತು.

'ಸವ್ತ್ ಲುಬ್ನಾನ್' 1975ರಲ್ಲಿ ಮತ್ತೆ ಎದ್ದಿತು, ಪೂರ್ವ ಬೇರೂತ್‌ನ ಅಶ್ರಫಿಯೆಯಿಂದ. ಪಶ್ಚಿಮದಲ್ಲಿ ನಾಸೆರ್ ಪರವಾದ ಮುರಾಬಿತೂನ್ ಗುಂಪು 'ಅರಬ್ ಲೆಬನಾನ್ ದನಿ' ಶುರು ಮಾಡಿತು. 1978ರಲ್ಲಿ ಕ್ರೈಸ್ತರ ಸಶಸ್ತ್ರ ಪಡೆ ಲೆಬನೀಸ್ ಫೋರ್ಸಸ್‌ನ 'ಸ್ವತಂತ್ರ ಲೆಬನಾನ್' ಬಂತು. ದ್ರೂಜ್ ನಾಯಕತ್ವದ ಪಕ್ಷಕ್ಕೆ 'ಬೆಟ್ಟದ ದನಿ', ಕಮ್ಯುನಿಸ್ಟರಿಗೆ 1987ರಲ್ಲಿ 'ಜನರ ದನಿ', ಶಿಯಾ ಸಂಘಟನೆ ಹಿಜ್ಬುಲ್ಲಾಗೆ 1988ರಲ್ಲಿ 'ಅಲ್ ನೂರ್', ಅಂದರೆ ಬೆಳಕು. ದಕ್ಷಿಣದ ಗಡಿಯಲ್ಲಿ ಇಸ್ರೇಲ್ ಬೆಂಬಲದ ಪಡೆಯ ಹತೋಟಿಯಲ್ಲಿದ್ದ ಜಾಗದಿಂದ ಅಮೆರಿಕದ ಕ್ರೈಸ್ತ ಪ್ರಚಾರಕರು 1979ರಲ್ಲಿ ಇನ್ನೊಂದು ಕೇಂದ್ರ ತೆರೆದಿದ್ದರು. ರಾಜಕೀಯವೇ ಬೇಡ, ಬರೀ ಹಾಡು ಸಾಕು ಅಂತ ಪಾಶ್ಚಾತ್ಯ ಸಂಗೀತ ಹಾಕುವ ಕೇಂದ್ರಗಳೂ ಎಷ್ಟೋ ಹುಟ್ಟಿದವು.

ಕರೆಂಟ್ ಹೋಗಿದೆ, ಟಿವಿ ಸತ್ತಿದೆ, ಇಡೀ ಕಟ್ಟಡದ ಜನ ನೆಲಮಾಳಿಗೆಯಲ್ಲಿ ಒಟ್ಟಿಗೆ ಕೂತಿದ್ದಾರೆ, ಮೇಲೆ ಶೆಲ್ ಬೀಳುತ್ತಿದೆ. ನಡುವೆ ಒಂದು ಟ್ರಾನ್ಸಿಸ್ಟರ್, ಅದರೊಳಗೆ ಬ್ಯಾಟರಿ. 'ಸವ್ತ್ ಲುಬ್ನಾನ್'ನಲ್ಲಿ ಹಾಡು ಹಠಾತ್ತನೆ ನಿಂತು, ತುರ್ತು ಸುದ್ದಿಯ ಸಂಗೀತ ಬಂದು, 'ಮಕ್ತಬ್ ಅಲ್ ತಹ್ರೀರ್ ಫೀ ಖಬರ್ ಜದೀದ್' ಅನ್ನುವ ದನಿ ಕೇಳುತ್ತಿತ್ತು. ಸಂಪಾದಕೀಯ ವಿಭಾಗದಿಂದ ಹೊಸ ಸುದ್ದಿ, ಅಂತ ಇಷ್ಟೇ ಅರ್ಥ. ಆದರೆ ಆ ಕೆಲವು ಸೆಕೆಂಡಿನ ಸಂಗೀತ ಕೇಳಿದರೆ ಇವತ್ತಿಗೂ ಎದೆ ಝಲ್ ಅನ್ನುತ್ತದೆ ಅಂತ ಆ ಕಾಲ ಕಂಡ ಲೆಬನಾನ್ ಜನ ಹೇಳುತ್ತಾರೆ. ಆಮೇಲೆ ಬರುವ ವಾಕ್ಯ ಯಾವ ಬೀದಿಯ ಹೆಸರು ಹೇಳುತ್ತದೋ ಗೊತ್ತಿಲ್ಲವಲ್ಲ. ಅಲ್ಲಿ ತಂಗಿ ಇರಬಹುದು, ಮಗ ಇರಬಹುದು.

ಒಂದೇ ಕೇಂದ್ರ ಕೇಳಿದರೆ ಸಾಲದು ಅನ್ನುವುದನ್ನು ಜನ ಬೇಗ ಕಲಿತರು. ಪೂರ್ವದ ಕೇಂದ್ರ ಪಶ್ಚಿಮದವರು ಶೆಲ್ ಹಾಕಿದರು ಅನ್ನುತ್ತದೆ, ಪಶ್ಚಿಮದ್ದು ತಿರುಗಿ ಅದನ್ನೇ ಹೇಳುತ್ತದೆ. ಎರಡನ್ನೂ ಕೇಳಿ, ಆಮೇಲೆ ಹೊರಗಿನವರದ್ದು, ಅಂದರೆ ಬಿಬಿಸಿ ಇಲ್ಲವೇ ಸೈಪ್ರಸ್‌ನಿಂದ ಬರುತ್ತಿದ್ದ ಮಾಂಟೆ ಕಾರ್ಲೋ ಅರಬ್ಬಿ ಪ್ರಸಾರ ಕೇಳಿ, ಮೂರನ್ನೂ ಕಳೆದು ಕೂಡಿಸಿ ನಿಜ ಎಷ್ಟು ಅಂತ ಲೆಕ್ಕ ಹಾಕಬೇಕಿತ್ತು.

ಆ ಲೆಕ್ಕವೂ ಒಮ್ಮೊಮ್ಮೆ ತಪ್ಪುತ್ತಿತ್ತು. 1982ರ ಸೆಪ್ಟೆಂಬರ್ 14. ಅಧ್ಯಕ್ಷರಾಗಿ ಆಯ್ಕೆಯಾಗಿ ಇನ್ನೂ ಅಧಿಕಾರ ವಹಿಸಿಕೊಳ್ಳದ ಲೆಬನೀಸ್ ಫೋರ್ಸಸ್ ನಾಯಕ ಬಶೀರ್ ಜುಮಯ್ಯಿಲ್ ಇದ್ದ, ಅಶ್ರಫಿಯೆಯ ಕತಾಇಬ್ ಪಕ್ಷದ ಕಚೇರಿಯಲ್ಲಿ ಬಾಂಬ್ ಸಿಡಿಯಿತು. ಅವರದೇ ಕಡೆಯ ರೇಡಿಯೋಗಳು ಅವರು ಬದುಕಿದ್ದಾರೆ, ಅವಶೇಷದೊಳಗಿಂದ ಹೊರಗೆ ಬಂದಿದ್ದಾರೆ ಅಂದವು. ಚರ್ಚುಗಳ ಗಂಟೆ ಬಾರಿಸಿದರು, ಜನ ಖುಷಿಪಟ್ಟರು. ಗಂಟೆಗಳು ಕಳೆದ ಮೇಲೆ ಅವರು ಸತ್ತಿದ್ದಾರೆ ಅನ್ನುವುದು ಖಚಿತವಾಯಿತು. ಸುಳ್ಳು ಹೇಳಬೇಕು ಅಂತ ಹೇಳಿದ್ದಲ್ಲ ಅನಿಸುತ್ತದೆ. ತಮ್ಮವರ ಬಗ್ಗೆ ತಮ್ಮವರೇ ಸುದ್ದಿ ಕೊಡುವಾಗ ಆಸೆ ಯಾವುದು, ಸುದ್ದಿ ಯಾವುದು ಅನ್ನುವ ಗೆರೆ ಅಳಿಸಿಹೋಗುತ್ತದೆ.

ಇಷ್ಟೆಲ್ಲ ಒಡಕಿನ ನಡುವೆ ಎಲ್ಲ ಕಡೆಯ ರೇಡಿಯೋಗಳಲ್ಲೂ ಕೇಳಿಸುತ್ತಿದ್ದ ಒಂದು ದನಿ ಫೈರೂಜ್ ಅವರದ್ದು. ಯುದ್ಧದ ವರ್ಷಗಳಲ್ಲಿ ಅವರು ದೇಶ ಬಿಡಲಿಲ್ಲ. ಯಾವ ಗುಂಪಿನ ವೇದಿಕೆಯಲ್ಲೂ ಹಾಡಲಿಲ್ಲ. ಒಬ್ಬರ ಪರ ಹಾಡಿದರೆ ಇನ್ನೊಬ್ಬರಿಗೆ ಪರಕೀಯ ಆಗುತ್ತೇನೆ ಅನ್ನುವುದು ಅವರಿಗೆ ಗೊತ್ತಿತ್ತು. ಸರ್ಕಾರಿ ರೇಡಿಯೋದ ಮೇಳದಲ್ಲಿ ಬೆಳೆದ ಹುಡುಗಿ ಆ ರೇಡಿಯೋದ ಹಳೇ ನಿಯಮವನ್ನು ಅದು ಮುರಿದುಬಿದ್ದ ಮೇಲೂ ತಾನೊಬ್ಬಳೇ ಪಾಲಿಸಿದಳು ಅಂತ ನನಗೆ ಅನಿಸುತ್ತದೆ.

1989ರ ತಾಯಿಫ್ ಶಾಂತಿ ಒಪ್ಪಂದದ ನಂತರ, 1990ರಲ್ಲಿ ಯುದ್ಧ ನಿಂತಿತು. ಬಂದೂಕುಗಳನ್ನು ಬಹುಮಟ್ಟಿಗೆ ವಾಪಸ್ ಪಡೆದರು. ಆದರೆ ಇಷ್ಟೊಂದು ರೇಡಿಯೋಗಳನ್ನು ಏನು ಮಾಡುವುದು? ಒಂದರ ಮೇಲೊಂದು ತರಂಗ ಬಿದ್ದು ಒಂದೂ ಸರಿಯಾಗಿ ಕೇಳದ ಸ್ಥಿತಿ. 1994ರಲ್ಲಿ ಸಂಸತ್ತು 382ನೇ ಸಂಖ್ಯೆಯ ಕಾನೂನು ತಂದಿತು. ಖಾಸಗಿಯವರು ಪ್ರಸಾರ ಮಾಡಬಹುದು, ಆದರೆ ಪರವಾನಗಿ ಬೇಕು. ಖಾಸಗಿ ಪ್ರಸಾರಕ್ಕೆ ಕಾನೂನಿನಲ್ಲಿ ಜಾಗ ಕೊಟ್ಟ ಮೊದಲ ಅರಬ್ ದೇಶ ಲೆಬನಾನ್ ಅಂತ ಇದನ್ನು ಎಲ್ಲರೂ ಎತ್ತಿ ಹೇಳುತ್ತಾರೆ. ರೇಡಿಯೋಗಳಲ್ಲಿ ಮುಖ್ಯವಾಗಿ ಎರಡು ದರ್ಜೆ. ಸುದ್ದಿ, ರಾಜಕೀಯ ಹೇಳಬಹುದಾದವು ಒಂದು. ಹಾಡು, ಮನರಂಜನೆ ಮಾತ್ರ ಅನ್ನುವವು ಇನ್ನೊಂದು. ನಮ್ಮ ಖಾಸಗಿ ಎಫ್‌ಎಂಗಳು ಸ್ವಂತ ಸುದ್ದಿ ಓದುವ ಹಾಗಿಲ್ಲವಲ್ಲ, ಆ ಎರಡನೇ ದರ್ಜೆಯ ಹಾಗೆ.

1996ರಲ್ಲಿ ಪರವಾನಗಿ ಹಂಚಿದಾಗ ಸಿಕ್ಕವರು ಬೆರಳೆಣಿಕೆಯಷ್ಟು. ಹಂಚಿದ್ದರಲ್ಲಿ ಮತ್ತೆ ಅದೇ ತಕ್ಕಡಿ ಕಾಣುತ್ತಿತ್ತು, ಇಂಥ ಪಂಗಡದ ನಾಯಕನಿಗೆ ಒಂದು, ಇನ್ನೊಬ್ಬನಿಗೆ ಒಂದು. ಸಿಗದವರು ಬೀದಿಗಿಳಿದರು, ಕೆಲವರು ಪರವಾನಗಿ ಇಲ್ಲದೆಯೇ ಮುಂದುವರಿಸಿದರು, ಕೆಲವರಿಗೆ ತಡವಾಗಿ ಸಿಕ್ಕಿತು. ನೂರಕ್ಕೂ ಹೆಚ್ಚಿದ್ದದ್ದು ಕೆಲವು ಡಜನ್‌ಗೆ ಇಳಿಯಿತು. ಆದರೆ ಜಗಳದ ಚಾಳಿ ಹೋಗಲಿಲ್ಲ. 'ಸವ್ತ್ ಲುಬ್ನಾನ್' ಅನ್ನುವ ಒಂದೇ ಹೆಸರಿನಲ್ಲಿ ಎರಡು ಕೇಂದ್ರಗಳು ನಡೆಯುವ ಮಟ್ಟಕ್ಕೂ ಹೋಯಿತು, ಒಂದು ಅಶ್ರಫಿಯೆಯಿಂದ, ಇನ್ನೊಂದು ಊರಾಚೆಯ ದ್ಬಯ್ಯೆಯಿಂದ. 2006ರಲ್ಲಿ ಇಸ್ರೇಲ್ ಮತ್ತು ಹಿಜ್ಬುಲ್ಲಾ ನಡುವೆ ನಡೆದ ಯುದ್ಧದಲ್ಲಿ ಇಸ್ರೇಲ್ ವಿಮಾನಗಳು ಬೆಟ್ಟದ ಮೇಲಿನ ಪ್ರಸಾರ ಗೋಪುರಗಳ ಮೇಲೆ ಬಾಂಬ್ ಹಾಕಿದವು. ಆ ಆಂಟೆನಾಗಳ ಬೆಲೆ ಶತ್ರುವಿಗೂ ಗೊತ್ತಿತ್ತು.

ಸರ್ಕಾರಿ ರೇಡಿಯೋ ಈಗಲೂ ಇದೆ, ಬೇರೂತ್‌ನ ಸನಾಯೆಯಲ್ಲಿ ಮಾಹಿತಿ ಸಚಿವಾಲಯದ ಕಟ್ಟಡದಲ್ಲಿ. ಯಾವ ಕೇಂದ್ರ ಹಾಕಿದರೂ ಬೆಳಗಿನ ಹೊತ್ತು ಫೈರೂಜ್ ಹಾಡು ಬರುವ ರೂಢಿಯೂ ಇದೆ. ಲೆಬನಾನ್‌ನಲ್ಲಿ ಮಾತ್ರ ಅಲ್ಲ, ಅರಬ್ ಜಗತ್ತಿನ ಎಷ್ಟೋ ರೇಡಿಯೋಗಳಲ್ಲಿ ಬೆಳಗಿನ ಕಾಫಿ ಜೊತೆ ಅವರ ದನಿ ಇರಲೇಬೇಕು.

ಬೇರೂತ್‌ನಿಂದ ದಮಾಸ್ಕಸ್‌ಗೆ ಹೋಗುವ ರಸ್ತೆ ಬೆಟ್ಟ ಹತ್ತಿ ದಹ್ರ್ ಅಲ್ ಬೈದರ್ ಅನ್ನುವ ಕಡೆ ಆಚೆ ಇಳಿಯುತ್ತದೆ. ಸಮುದ್ರಮಟ್ಟದಿಂದ ಸುಮಾರು ಒಂದೂವರೆ ಸಾವಿರ ಮೀಟರ್ ಎತ್ತರ. ಜನವರಿ, ಫೆಬ್ರವರಿಯಲ್ಲಿ ಅಲ್ಲಿ ಹಿಮ ಬಿದ್ದರೆ ಬೆಕಾ ಕಡೆಯ ಲಾರಿ, ಟ್ಯಾಕ್ಸಿ ಚಾಲಕರು ಹೊರಡುವ ಮುಂಚೆ ಸುದ್ದಿ ಕೇಳುತ್ತಾರೆ. ಚಕ್ರಕ್ಕೆ ಸರಪಳಿ ಕಟ್ಟಿದ ಗಾಡಿಗಳಿಗೆ ಮಾತ್ರವಾ, ಇಲ್ಲ ಎಲ್ಲ ಗಾಡಿಗಳಿಗೂ ಬಿಟ್ಟಿದ್ದಾರಾ ಅಂತ. ಹಿಮ ತೆಗೆದು ರಸ್ತೆ ಬಿಟ್ಟಾಗ ಸುದ್ದಿ ಓದುವವರು ಈಗಲೂ ಹೇಳುವ ಪದ ಅದೇ, ಸಾಲಿಕೆ.